ಕಿಡಿ ನೋಡಿ ಮದ್ದು

ಬಾಯಿಯ ಕಡೆಯಿಂದ ಮದ್ದು ಸುರಿದು, ಗುಂಡಿಟ್ಟು, ಗಜದಿಂದ ಜಡಿದು ಹೊಡೆಯುವ ಕೋವಿ ನಮ್ಮ ಮಲೆನಾಡಿನ ಹಿರಿಯರಿಗೆ ಹೊಸದಲ್ಲ. ಕೇಪಿನ ಕೋವಿ ಎಂದರೆ ಅವರಿಗೆ ಅರ್ಥವಾಗುತ್ತದೆ. ಇಲ್ಲಿ ಅದು ಹೆಚ್ಚುಕಡಿಮೆ ಅಟ್ಟ ಸೇರಿದೆ. ಅಮೆರಿಕದಲ್ಲಿ ಮಾತ್ರ ಅದು ಇಂದಿಗೂ ಬಳಕೆಯ ವಸ್ತು. ಅಲ್ಲಿನ ಹಲವು ರಾಜ್ಯಗಳು ಜಿಂಕೆ ಬೇಟೆಗೆ ಇಂಥ ಕೋವಿಗಳಿಗೆಂದೇ ಬೇರೆ ಋತುವನ್ನು ಮೀಸಲಿಟ್ಟಿವೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲಿನ ಋತು 1970ರ ದಶಕದಿಂದಲೂ ಚಕಮಕಿ ಕೋವಿಗಳದ್ದು. ಹೀಗೆ ಕೋವಿ ಕೊಂಡವನು ಅಂಗಡಿಗೆ ಹೋದರೆ ಎದುರಾಗುವುದು ಎರಡು ಬಗೆಯ ಡಬ್ಬಿಗಳು: ಒಂದರಲ್ಲಿ ಶತಮಾನಗಳ ಹಳೆಯ ಕರಿಮದ್ದು, ಇನ್ನೊಂದರಲ್ಲಿ ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಮುಂತಾದ ಬದಲಿ ಮದ್ದು. ಯಾವುದಕ್ಕೆ ಜೋರು ಹೆಚ್ಚು, ಯಾವುದು ಕಡಿಮೆ ಮಸಿ ಬಿಡುತ್ತದೆ ಎಂದು ವಿಚಾರಿಸುವುದು ವಾಡಿಕೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕೋವಿಯಲ್ಲಿ ಬೆಂಕಿ ಹುಟ್ಟುವುದು ಹೇಗೆ? ಅದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಗೊಂದಲ ತಾನಾಗಿ ಕರಗುತ್ತದೆ.

ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇದರಲ್ಲಿ ಗಂಧಕದ ಪಾತ್ರ ದೊಡ್ಡದು. ಮದ್ದು ಸುಲಭವಾಗಿ ಹೊತ್ತಿಕೊಳ್ಳುವುದು ಅದರಿಂದ. ಚಕಮಕಿ ಕೋವಿಯ ಕುದುರೆ ಬಿದ್ದಾಗ ಕಲ್ಲು ಉಕ್ಕಿಗೆ ಉಜ್ಜಿ ಕಿಡಿಗಳು ಉದುರುತ್ತವೆ. ಅವು ಬಟ್ಟಲಿನ ರಂಜಕಕ್ಕೆ ತಾಗಬೇಕು, ಅಲ್ಲಿ ಎದ್ದ ಉರಿ ಸೂಜಿ ತೂರುವಷ್ಟು ಸಣ್ಣ ಕಿವಿಯೊಳಗೆ ನುಗ್ಗಿ ನಳಿಗೆಯಲ್ಲಿರುವ ಮದ್ದನ್ನು ಮುಟ್ಟಬೇಕು. ಇಷ್ಟು ಬಡ ಬೆಂಕಿಗೆ ತಕ್ಷಣ ಓಗೊಡುವುದು ಕರಿಮದ್ದು ಮಾತ್ರ. ಅದನ್ನು ಕಾಳಿನ ಗಾತ್ರಕ್ಕೆ ತಕ್ಕಂತೆ ಒಂದು ಎಫ್‌ನಿಂದ ನಾಲ್ಕು ಎಫ್‌ವರೆಗೆ ವಿಂಗಡಿಸಿ ಮಾರುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿಯುವ ವೇಗ ಹೆಚ್ಚು. ನಾಲ್ಕು ಎಫ್‌ನದು ರಂಜಕಕ್ಕೆ, ಎರಡು ಮತ್ತು ಮೂರು ಎಫ್‌ಗಳವು ನಳಿಗೆಗೆ. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಇದಕ್ಕಿಂತ ಹೆಚ್ಚಿನ ಶಾಖ ಬೇಕು. ಚಕಮಕಿ ಕೋವಿಗೆ ಅವನ್ನು ತುಂಬಿದರೆ ರಂಜಕ ಭುಗ್ಗೆಂದು ಉರಿದು ಗುಂಡು ಹೊರಡದೇ ಇರಬಹುದು. ಹೊರಡುವುದು ತಡವಾಗಲೂಬಹುದು, ಅದು ಇನ್ನೂ ಅಪಾಯ. ಹಾರಲಿಲ್ಲವೆಂದು ಕೋವಿ ಇಳಿಸಿದ ಕ್ಷಣದಲ್ಲೇ ಹಾರಬಹುದು. ಆದ್ದರಿಂದ ಚಕಮಕಿ ಕೋವಿಯ ಮಟ್ಟಿಗೆ ಆಯ್ಕೆಯೆಂಬುದೇ ಇಲ್ಲ.

ಹಾಗಿದ್ದರೆ ಬದಲಿ ಮದ್ದು ಏಕೆ ಹುಟ್ಟಿತು? ಹಳೆಯ ಕೋವಿ ಅದನ್ನು ಬೇಡಿರಲಿಲ್ಲ, ಬೇಡಿದ್ದು ಅಂಗಡಿಯ ಕಪಾಟು. ಅಮೆರಿಕದ ಕಾನೂನಿನಲ್ಲಿ ಕರಿಮದ್ದು ಸ್ಫೋಟಕ. ಹಳೆಯ ಮಾದರಿಯ ಕೋವಿಗಳಲ್ಲಿ ಹವ್ಯಾಸಕ್ಕೆ ಬಳಸುವವರು 50 ಪೌಂಡ್‌ವರೆಗೆ ಪರವಾನಗಿಯಿಲ್ಲದೆ ಕೊಳ್ಳಬಹುದಾದರೂ ಮಾರುವವನಿಗೆ ಸ್ಫೋಟಕದ ಲೈಸೆನ್ಸು, ತಕ್ಕ ದಾಸ್ತಾನು ವ್ಯವಸ್ಥೆ ಬೇಕು. ಈ ತಾಪತ್ರಯ ಬೇಡವೆಂದು ಎಷ್ಟೋ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ಹೊಗೆರಹಿತ ಮದ್ದಿನ ಜೊತೆಗೇ ಇಟ್ಟು ಮಾರಬಹುದಾದ ಮದ್ದೊಂದಿದ್ದರೆ ಎಂಬ ಯೋಚನೆಯಿಂದ ಡ್ಯಾನ್ ಪಾವ್ಲಾಕ್ ರೂಪಿಸಿದ ಪೈರೊಡೆಕ್ಸ್ 1976ರಲ್ಲಿ ಬಂತು. ಅದರಲ್ಲೂ ಪೆಟ್ಲುಪ್ಪು, ಇದ್ದಿಲು, ಗಂಧಕ ಇವೆ. ಜೊತೆಗೆ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಮತ್ತಿತರ ರಾಸಾಯನಿಕಗಳು ಸೇರಿವೆ. ಮುಂದೆ ಬಂದ ಪೈರೊಡೆಕ್ಸ್ ಬಿಲ್ಲೆಗಳ ರಚನೆಯೇ ನನ್ನ ವಾದಕ್ಕೆ ಸಾಕ್ಷಿ: ಬೇಗ ಹೊತ್ತಿಕೊಳ್ಳಲೆಂದು ಆ ಬಿಲ್ಲೆಗಳ ಒಂದು ತುದಿಗೆ ಕರಿಮದ್ದಿನ ಪದರ ಬಳಿದಿರುತ್ತಾರೆ. ಬದಲಿಗೂ ಬೆಂಕಿ ಹತ್ತಿಸಲು ಮೂಲದ ಕೈಯೇ ಬೇಕಾಯಿತು.

ಬದಲಿ ಮದ್ದಿಗೆ ನಿಜವಾಗಿ ಒಗ್ಗುವ ಕೋವಿಯೂ ಇದೆ. 1985ರಲ್ಲಿ ಟೋನಿ ನೈಟ್ ತಂದ ಎಂ.ಕೆ.-85 ಮಾದರಿಯಿಂದ ಜನಪ್ರಿಯವಾದ ‘ಇನ್‌ಲೈನ್’ ಕೋವಿಗಳಲ್ಲಿ ಬೆಂಕಿ ಮದ್ದಿನ ಬೆನ್ನಹಿಂದಿನಿಂದಲೇ ನೇರವಾಗಿ ನುಗ್ಗುತ್ತದೆ. ಇಂದಿನ ಇನ್‌ಲೈನ್‌ಗಳಲ್ಲಿ ಹೆಚ್ಚಿನವು ಬಳಸುವುದು ಶಾಟ್‌ಗನ್ ತೋಟೆಯ 209 ಪ್ರೈಮರನ್ನು. ಅದರ ಉರಿಯ ಮುಂದೆ ಚಕಮಕಿಯ ಕಿಡಿ ಏನೂ ಅಲ್ಲ. 2008ರ ಹೊತ್ತಿಗೆ ಬಂದ ಬ್ಲ್ಯಾಕ್‌ಹಾರ್ನ್ 209 ಹೆಸರಿನಲ್ಲೇ ಆ ಪ್ರೈಮರನ್ನು ಹೊತ್ತಿದೆ, ಅದಿಲ್ಲದೆ ಸರಿಯಾಗಿ ಉರಿಯುವುದೂ ಇಲ್ಲ. ಇಂಥ ಕೋವಿಯವನಿಗೆ ಕರಿಮದ್ದೇ ಶ್ರೇಷ್ಠವೆಂದು ಉಪದೇಶಿಸುವುದು ನನ್ನ ಉದ್ದೇಶವಲ್ಲ. ಆದರೆ ಬದಲಿ ಎಂಬ ಪದ ಅಳತೆಯ ವಿಷಯದಲ್ಲಿ ಮೋಸ ಮಾಡುತ್ತದೆ. ಪೈರೊಡೆಕ್ಸ್ ಕರಿಮದ್ದಿಗಿಂತ ಹಗುರ. ಅಳತೆಯ ಕೊಳವೆಯಲ್ಲಿ ಕರಿಮದ್ದಿನಷ್ಟೇ ಜಾಗ ತುಂಬಿದರೆ ಸರಿ, ತಕ್ಕಡಿಯಲ್ಲಿ ಅಷ್ಟೇ ತೂಕ ಹಾಕಿದರೆ ಮದ್ದು ಮಿತಿಮೀರುತ್ತದೆ. ಗಂಧಕವಿಲ್ಲದ ಟ್ರಿಪಲ್ ಸೆವೆನ್‌ಗೆ ಜೋರು ಹೆಚ್ಚು; ಕರಿಮದ್ದಿನ ಅಳತೆಗಿಂತ ಶೇ. 15ರಷ್ಟು ಕಡಿಮೆ ಹಾಕಿ ಎಂಬುದು ತಯಾರಕರ ಸೂಚನೆ. ಸಾಮಾನ್ಯ ಹೊಗೆರಹಿತ ಮದ್ದಂತೂ ಬದಲಿಯೇ ಅಲ್ಲ. ಅದನ್ನು ಇಂಥ ಕೋವಿಗೆ ತುಂಬಿದರೆ ಒತ್ತಡ ತಾಳದೆ ನಳಿಗೆ ಸೀಳಿ ಕೈ, ಕಣ್ಣು, ಪ್ರಾಣ ಯಾವುದಾದರೂ ಹೋದೀತು. ಕೋವಿಯ ಕೈಪಿಡಿ ಮತ್ತು ಡಬ್ಬಿಯ ಮೇಲಿನ ಸೂಚನೆ ಎರಡೂ ಒಪ್ಪದ ಮದ್ದನ್ನು ಮುಟ್ಟಲೇಬಾರದು.

ಬದಲಿ ಮದ್ದಿನ ಪರ ಮೊದಲು ಕೇಳಿಬರುವ ಮಾತು ಶುಚಿಯದು. ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಒಂದಿಷ್ಟು ದಟ್ಟ ಬಿಳಿ ಹೊಗೆಯಾಗಿ ಹೊರಬಿದ್ದರೆ ಉಳಿದದ್ದು ಮಸಿಯಾಗಿ ನಳಿಗೆಗೆ ಅಂಟುತ್ತದೆ. ಆ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಇದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಪೈರೊಡೆಕ್ಸ್ ಇದಕ್ಕಿಂತ ಮೇಲೆಂದು ನಂಬಿದವರು ರಸಾಯನಶಾಸ್ತ್ರವನ್ನು ಮರೆತಿದ್ದಾರೆ. ಪರ್‌ಕ್ಲೋರೇಟ್ ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಂದು ಕಡಲತೀರದ ಮನೆಗಳ ಕಿಟಕಿಯ ಸರಳುಗಳನ್ನು ನೋಡಿದರೆ ಸಾಕು. ಮಸಿ ಕಡಿಮೆ ಕಂಡಿತೆಂದು ತೊಳೆಯುವುದನ್ನು ನಾಳೆಗೆ ಮುಂದೂಡಿದವನ ಕೋವಿಯೇ ಮೊದಲು ಕೆಡುವುದು. ಬ್ಲ್ಯಾಕ್‌ಹಾರ್ನ್ ಮಾತ್ರ ಈ ವಿಷಯದಲ್ಲಿ ನಿಜಕ್ಕೂ ಮುಂದಿದೆ. ಕರಿಮದ್ದಿನ ಮಸಿಯಾದರೋ ಬಿಸಿನೀರು, ಸಾಬೂನಿಗೆ ಬಿಟ್ಟುಹೋಗುತ್ತದೆ, ಆಮೇಲೆ ಒರೆಸಿ ಎಣ್ಣೆ ಸವರಬೇಕು. ದುಬಾರಿ ದ್ರಾವಣವೇನೂ ಬೇಡ, ಬೇಕಾದದ್ದು ಅದೇ ದಿನ ಮಾಡುವ ಶಿಸ್ತು.

ಎರಡನೆಯ ಆಕ್ಷೇಪ ಸುರಕ್ಷತೆಯದು, ಅದರಲ್ಲಿ ಹುರುಳಿದೆ. ಸಣ್ಣ ಕಿಡಿಗೂ ಓಗೊಡುವ ಗುಣ ಕೋವಿಯೊಳಗೆ ವರ, ಮನೆಯ ಅಟ್ಟದಲ್ಲಿ ಶಾಪ. ದಾಸ್ತಾನು, ಸಾಗಣೆಗಳಲ್ಲಿ ಬದಲಿ ಮದ್ದು ಕಡಿಮೆ ಅಪಾಯದ್ದು ಎಂಬುದನ್ನು ಒಪ್ಪಬೇಕು. ಹಾಗೆಂದು ಅದನ್ನು ಸಾಧುವೆಂದು ತಿಳಿಯಬಾರದು: ಪೈರೊಡೆಕ್ಸ್ ಬಂದ ಮರುವರ್ಷವೇ, 1977ರಲ್ಲಿ, ಅದರ ತಯಾರಿಕೆಯ ಜಾಗದಲ್ಲಾದ ದುರಂತದಲ್ಲಿ ಸ್ವತಃ ಪಾವ್ಲಾಕ್ ಪ್ರಾಣ ಕಳೆದುಕೊಂಡರು.

ಕರಿಮದ್ದು ಸಿಗುವುದೇ ಕಷ್ಟ ಎಂಬುದು ಇನ್ನೊಂದು ಮಾತು, ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅಮೆರಿಕದಲ್ಲಿ ಗೋಯೆಕ್ಸ್ ಕರಿಮದ್ದು ತಯಾರಾಗುತ್ತಿದ್ದ ಲೂಯಿಸಿಯಾನಾದ ಮಿಂಡನ್ ಕಾರ್ಖಾನೆಯನ್ನು ಮುಚ್ಚುವುದಾಗಿ 2021ರಲ್ಲಿ ಮಾಲೀಕರು ಪ್ರಕಟಿಸಿದಾಗ ಹವ್ಯಾಸಿಗಳು ಕಂಗಾಲಾದರು. ಮರುವರ್ಷ ಎಸ್ಟೆಸ್ ಎನರ್ಜೆಟಿಕ್ಸ್ ಅದನ್ನು ಕೊಂಡಿತು. ಮದ್ದಿಗಾಗಿ ಅಮೆರಿಕ ಪರದಾಡಿದ್ದು ಇದೇ ಮೊದಲಲ್ಲ. ಅಂತರ್ಯುದ್ಧ ಶುರುವಾದ 1861ರಲ್ಲಿ ಉತ್ತರದ ಸರ್ಕಾರ ಪೆಟ್ಲುಪ್ಪು ತರಲು ಮದ್ದು ತಯಾರಕ ಲ್ಯಾಮಟ್ ಡುಪಾಂಟ್‌ರನ್ನು ಇಂಗ್ಲೆಂಡಿಗೆ ಕಳಿಸಿತು. ಅಲ್ಲಿ ಅವರು ಕೊಂಡದ್ದು ನಮ್ಮ ದೇಶದ್ದೇ ಪೆಟ್ಲುಪ್ಪು. ಬಿಹಾರದ ಮಣ್ಣಿನಿಂದ ಸೋಸಿ ತೆಗೆಯುತ್ತಿದ್ದ ಆ ಸರಕಿನ ಮೇಲೆ ಹಿಡಿತವಿದ್ದುದು ಬ್ರಿಟಿಷರಿಗೆ. ಟ್ರೆಂಟ್ ಎಂಬ ಹಡಗಿನ ವಿಚಾರದಲ್ಲಿ ಆಗ ಎರಡು ಸರ್ಕಾರಗಳ ನಡುವೆ ಎದ್ದಿದ್ದ ಜಗಳ ತೀರುವವರೆಗೆ ಬ್ರಿಟನ್ ಅದನ್ನು ಬಿಡಲಿಲ್ಲ.

ಉಳಿದದ್ದು ಕೇಪಿನ ಕೋವಿ. ನಿಜವಾದ ಆಯ್ಕೆ ಇರುವುದು ಇದೊಂದರಲ್ಲೇ. ಕೇಪಿನ ಬೆಂಕಿ ಚಕಮಕಿಗಿಂತ ಬಿಸಿ, ಆದರೆ ಪಕ್ಕದಿಂದ ಬಳಸಿಕೊಂಡು ಬರುವುದರಿಂದ 209ರಷ್ಟು ಬಲವಿಲ್ಲ. ಪೈರೊಡೆಕ್ಸ್ ಪುಡಿ ಇದರಲ್ಲಿ ನಡೆಯುತ್ತದೆ, ಬ್ಲ್ಯಾಕ್‌ಹಾರ್ನ್ ನಡೆಯದು. ಹತ್ತಿರದಲ್ಲಿ ಕರಿಮದ್ದು ಸಿಗುವುದಾದರೆ ನಾನು ಅದರ ಪರ: ಕುದುರೆ ಬಿದ್ದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವಿನ ಅಂತರ ಪ್ರತಿ ಸಲವೂ ಒಂದೇ ಆಗಿದ್ದಷ್ಟು ಗುರಿ ನೆಟ್ಟಗಿರುತ್ತದೆ. ಸಿಗದಿದ್ದರೆ ಪೈರೊಡೆಕ್ಸ್ ತುಂಬಿ, ಮೊದಲು ಗುರಿಹಲಗೆಯ ಮುಂದೆ ಹತ್ತಾರು ಸಲ ಹೊಡೆದು ನೋಡಲಿ. ಒಮ್ಮೆಯಾದರೂ ಸದ್ದು ತಡವಾಗಿ ಬಂದರೆ ಆ ಕೋವಿ ತನ್ನ ಮದ್ದು ಯಾವುದೆಂದು ಹೇಳಿದಂತೆಯೇ.