“ಮೂವತ್ತೈದು ಹಾಕಪ್ಪ” ಅನ್ನುವ ಮುನ್ನ

ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಮೇಲೂ ಮನೆಮಂದಿಯನ್ನೆಲ್ಲ ಹೊತ್ತು ಓಡುತ್ತಿರುವ ಇಂಥ ಸಣ್ಣ ಕಾರುಗಳು ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಇನ್ನೂ ಹತ್ತು ವರ್ಷ ಓಡುವ ಕಸುವು ಅವಕ್ಕಿರುತ್ತದೆ. ಆದರೆ ಕಾರು ತಯಾರಿಸಿದವರು ಬರೆದಿಟ್ಟ ಅಂಕಿ ಓದುವ ಬದಲು ಪಂಕ್ಚರ್ ಅಂಗಡಿ, ಗ್ಯಾರೇಜಿನ ಮುಂದೆ ಕೇಳಿದ ಮಾತನ್ನೇ ನಾವು ನಂಬುತ್ತೇವೆ. ಅಂಥ ಕೆಲವು ಮಾತುಗಳು ಇಲ್ಲಿವೆ.

“ಎಲ್ಲ ಕಾರಿನ ಟೈರಿಗೂ ಗಾಳಿ ಮೂವತ್ತೈದು ನಡೆಯುತ್ತೆ.”

ನಡೆಯುವುದಿಲ್ಲ. ಡ್ರೈವರ್ ಬದಿಯ ಬಾಗಿಲು ತೆರೆದು ಚೌಕಟ್ಟು ನೋಡಿ. ಅಲ್ಲಿರುವ ಸ್ಟಿಕರ್‌ನಲ್ಲಿ ಟೈರಿನ ಸೈಜು, ಮುಂದಿನ ಚಕ್ರಕ್ಕೆ ಎಷ್ಟು ಗಾಳಿ, ಹಿಂದಿನದಕ್ಕೆ ಎಷ್ಟು ಎಂದು ಬರೆದಿರುತ್ತದೆ. ಕೆಲವು ಕಾರುಗಳಲ್ಲಿ ಪೂರ್ತಿ ಜನ, ಸಾಮಾನು ತುಂಬಿದಾಗಿನ ಲೆಕ್ಕವೂ ಇರುತ್ತದೆ. ಸ್ಟಿಕರ್ ಅಳಿಸಿಹೋಗಿದ್ದರೆ ಕಾರಿನ ಜೊತೆ ಬಂದ ಪುಸ್ತಕ ತೆಗೆಯಿರಿ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ 44 ಪಿಎಸ್‌ಐ ಎಂಬಂಥ ಅಂಕಿಯನ್ನು ಮಾತ್ರ ಅನುಸರಿಸಬೇಡಿ. ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ. ಒಂದೇ ಟೈರ್ ಹತ್ತಾರು ಬಗೆಯ ಕಾರುಗಳಿಗೆ ಹೋಗುತ್ತದೆ, ನಿಮ್ಮ ಕಾರಿನ ತೂಕ ಟೈರ್ ಮಾಡಿದವರಿಗೆ ಗೊತ್ತಿರುವುದಿಲ್ಲ.

ಗಾಳಿಯ ಲೆಕ್ಕ ತಪ್ಪಿದ್ದರೆ ಸವೆತವೇ ಹೇಳುತ್ತದೆ. ಗಾಳಿ ಹೆಚ್ಚಾಗಿದ್ದರೆ ಟೈರಿನ ನಡು ಸವೆಯುತ್ತದೆ, ಕಡಿಮೆಯಾಗಿದ್ದರೆ ಎರಡೂ ಅಂಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಲಕ್ಷ ದಾಟಿದ ಕಾರಿನಲ್ಲಿ ಅದರ ಹಿಂದೆ ಸಸ್ಪೆನ್ಷನ್‌ನ ಸವೆದ ಬುಷ್ ಇರುವುದೇ ಹೆಚ್ಚು. ಬುಷ್ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

“ಊರಿಂದ ಬಂದ ಕೂಡಲೇ ನೋಡಿಸಿದೆ, ಜಾಸ್ತಿ ಇತ್ತು, ಇಳಿಸಿದೆ.”

ಓಡಿ ಬಿಸಿಯಾದ ಟೈರಿನಲ್ಲಿ 32 ಇದ್ದದ್ದು 36 ಆಗುವುದು ಸಹಜ. ಅಲ್ಲಿ ನಾಲ್ಕು ಇಳಿಸಿದರೆ ಮರುದಿನ ಬೆಳಿಗ್ಗೆ 28ರಲ್ಲಿ ಓಡಿಸುತ್ತೀರಿ. ಸ್ಟಿಕರ್‌ನ ಅಂಕಿ ತಣ್ಣಗಿರುವ ಟೈರಿನದು. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಮಾತ್ರ ಓಡಿರಬೇಕು. ಬಂಕ್ ದೂರವಿದ್ದರೆ ಒಂದು ಗೇಜ್ ಕೊಂಡಿಟ್ಟುಕೊಂಡು ಬೆಳಿಗ್ಗೆ ಮನೆ ಮುಂದೆಯೇ ನೋಡಿ. ಕ್ಯಾಪ್ ತೆಗೆದು ಗೇಜನ್ನು ನೆಟ್ಟಗೆ ಒತ್ತಿದರೆ ‘ಸುಸ್’ ಎಂಬ ಸದ್ದು ಒಮ್ಮೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಗೇಜ್ ಓರೆಯಾಗಿ ಕೂತಿದೆ, ಅಂಕಿ ಸುಳ್ಳು. ಗೇಜ್ ತೆಗೆದ ಮೇಲೆ ಒದ್ದೆ ಬೆರಳನ್ನು ವಾಲ್ವ್ ಬಾಯಿಗೆ ತಾಗಿಸಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಸೋರುತ್ತಿದೆ ಎಂದರ್ಥ.

ಕಣ್ಣಳತೆ, ಕಾಲಲ್ಲಿ ಒದ್ದು ನೋಡುವುದು ರೇಡಿಯಲ್ ಟೈರಿಗೆ ನಡೆಯುವುದಿಲ್ಲ. 24 ಇದ್ದರೂ 32 ಇದ್ದರೂ ಅದು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಚೆನ್ನಾಗಿರುವ ಟೈರೂ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಕಳೆದುಕೊಳ್ಳುತ್ತದೆ. ಸ್ಟೆಪ್ನಿಯೂ ಅಷ್ಟೇ.

“ಬೇಸಿಗೆಯಲ್ಲಿ ಗಾಳಿ ಕಮ್ಮಿ ಇರಲಿ, ಟೈರ್ ಸಿಡಿಯಲ್ಲ.”

ಇದು ಜೀವಕ್ಕೆ ಕುತ್ತು ತರುವ ಮಾತು. ಹವೆ ಹತ್ತು ಡಿಗ್ರಿ ಏರಿದರೆ 32 ಇರುವ ಟೈರಿನಲ್ಲಿ ಹೆಚ್ಚುವುದು ಒಂದೂವರೆ ಪಿಎಸ್‌ಐ ಆಸುಪಾಸು, ಅಷ್ಟನ್ನು ಟೈರ್ ಲೀಲಾಜಾಲವಾಗಿ ತಡೆಯುತ್ತದೆ. ಅದು ತಡೆಯಲಾರದ್ದು ಬೇರೆ. ಗಾಳಿ ಕಮ್ಮಿಯಾದಾಗ ಚಕ್ರದ ಪ್ರತಿ ಸುತ್ತಿಗೂ ಟೈರಿನ ಮಗ್ಗುಲು ಅತಿಯಾಗಿ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚುವಿಕೆಯೇ ರಬ್ಬರನ್ನು ಒಳಗಿನಿಂದ ಕಾಯಿಸುತ್ತದೆ, ಪದರಗಳು ಬಿಡುತ್ತವೆ. ಐದು ಜನ, ಡಿಕ್ಕಿ ತುಂಬ ಲಗೇಜ್, ಏಪ್ರಿಲ್ ಮಧ್ಯಾಹ್ನ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ವೇಗ: ಇವೆಲ್ಲ ಒಟ್ಟು ಸೇರಿದಾಗ ಸಿಡಿಯುವುದು ಹೆಚ್ಚಾಗಿ ಗಾಳಿ ಕಮ್ಮಿಯಿದ್ದ ಟೈರೇ. ದೂರದ ಪ್ರಯಾಣದ ಬೆಳಿಗ್ಗೆ ಗಾಳಿ ನೋಡದೆ ಮಕ್ಕಳನ್ನು ಕಾರಿಗೆ ಹತ್ತಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಗುಂಡಿ ಬಿದ್ದ ರಸ್ತೆಗೂ ಕಮ್ಮಿ ಗಾಳಿ ಹಿತವಲ್ಲ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಜಜ್ಜಿ ಒಳಗಿನ ದಾರ ಹರಿಯುತ್ತದೆ, ಮಗ್ಗುಲಲ್ಲಿ ಉಬ್ಬು ಏಳುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಬದಲಿಸಲೇಬೇಕು. ಜೊತೆಗೆ ಟೈರಿನ ವಯಸ್ಸೂ ನೋಡಿ. ಮಗ್ಗುಲಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಕಮ್ಮಿ ಓಡುವ ಕಾರಿನಲ್ಲಿ ಗೆರೆ ಸವೆಯುವ ಮೊದಲೇ ರಬ್ಬರ್ ಬಿರುಕು ಬಿಡುತ್ತದೆ.

“ನೈಟ್ರೋಜನ್ ಹಾಕಿಸಿದರೆ ತಲೆನೋವಿಲ್ಲ.”

ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಇಳಿಯುತ್ತದೆ, ಅಷ್ಟೇ. ಅದು ಸಿಗದ ಊರಲ್ಲಿ ಮಾಮೂಲಿ ಗಾಳಿ ಸೇರಿಸಿದರೆ ಏನೂ ಆಗುವುದಿಲ್ಲ.

“ಟ್ಯೂಬ್‌ಲೆಸ್ ಪದೇ ಪದೇ ಇಳಿಯುತ್ತಿದ್ದರೆ ಒಳಗೊಂದು ಟ್ಯೂಬ್ ಹಾಕಿಸಿ.”

ಹಳೆಯ ಕಾರಿಗೆ ಈ ಸಲಹೆ ತಪ್ಪದೆ ಸಿಗುತ್ತದೆ. ಸೋರಿಕೆಯ ಮೂಲ ಹೆಚ್ಚಾಗಿ ಕಬ್ಬಿಣದ ರಿಮ್ಮಿನ ಅಂಚಿನ ತುಕ್ಕು, ಇಲ್ಲವೇ ಒಣಗಿದ ರಬ್ಬರ್ ವಾಲ್ವ್. ಟೈರ್ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಹೊಸ ವಾಲ್ವ್ ಕೂರಿಸಿದರೆ ಸಾಕು. ಟ್ಯೂಬ್ ಹಾಕಿದರೆ ಒಳಗೆ ಉಜ್ಜಾಡಿ ಬಿಸಿಯಾಗುತ್ತದೆ. ಮೊಳೆ ಚುಚ್ಚಿದಾಗ ನಿಧಾನವಾಗಿ ಇಳಿಯಬೇಕಾದ ಗಾಳಿ ಒಮ್ಮೆಗೇ ಹೋಗುತ್ತದೆ.

“ಹಳೇ ಇಂಜಿನ್ನಿಗೆ ದಪ್ಪ ಆಯಿಲ್, ರೇಡಿಯೇಟರಿಗೆ ನೀರು ಸಾಕು.”

ಆಯಿಲ್ ತಾನಾಗಿ ಕಮ್ಮಿಯಾಗುತ್ತಿಲ್ಲ, ಹೊಗೆಯೂ ಇಲ್ಲ ಎಂದಾದರೆ ಪುಸ್ತಕದಲ್ಲಿರುವ ಗ್ರೇಡನ್ನೇ ಮುಂದುವರಿಸಿ. ದಪ್ಪ ಆಯಿಲ್ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಸವೆತ ಆಗುವುದೇ ಆಗ.

ನೀರಿನ ವಿಷಯ ಇನ್ನೂ ಗಂಭೀರ. ಬೋರ್‌ವೆಲ್ ನೀರಿನ ಗಡಸು ಅಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. “ನಮ್ಮ ಸೆಕೆಗೆ ಥರ್ಮೋಸ್ಟ್ಯಾಟ್ ಬೇಡ” ಎಂದು ಅದನ್ನು ಕಿತ್ತೆಸೆಯುವವರೂ ಇದ್ದಾರೆ. ಆಗ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಕೆಸರಾಗುತ್ತದೆ.

“ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ.”

ಇಂಜೆಕ್ಷನ್ ಇರುವ ಕಾರುಗಳಲ್ಲಿ ಆಗುವುದು ಇದರ ಉಲ್ಟಾ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಪೆಟ್ರೋಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಬಂದ್ ಆಗದಿರಲು ಕುಡಿಯುತ್ತಲೇ ಇರುತ್ತದೆ. ಕೀಲಿ ತಿರುಗಿಸಿ ಇಂಜಿನ್ನೇ ಆರಿಸಿದರೆ ಬ್ರೇಕಿಗೆ ಬೂಸ್ಟರ್ ಬಲವೂ ಇಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಬರೀ ಬ್ರೇಕ್ ಒತ್ತಿ ಇಳಿದರೆ ಪ್ಯಾಡ್ ಕಾದು, ಆ ಕಾವು ಬ್ರೇಕ್ ಆಯಿಲ್‌ವರೆಗೂ ಮುಟ್ಟುತ್ತದೆ. ಬ್ರೇಕ್ ಆಯಿಲ್ ಹವೆಯ ತೇವವನ್ನು ಹೀರಿಕೊಳ್ಳುವಂಥದು. ಡಾಟ್ 3 ದರ್ಜೆಯಲ್ಲಿ ಹೊಸದು ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬ ಮಾನದಂಡವಿದೆ, ತೇವ ಹಿಡಿದದ್ದಕ್ಕೆ ಅದು 140ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿರಿ.