ಮನೆಯಲ್ಲೊಂದು ಬಿಯರ್ ನಲ್ಲಿ: ನೊರೆಯ ಹಿಂದಿನ ಲೆಕ್ಕಾಚಾರ

ಹೋಟೆಲ್ ಉದ್ಯಮದಲ್ಲಿ ತಲೆಮಾರುಗಳಿಂದ ಪಳಗಿದ ಮುಂಬಯಿಯ ತುಳು-ಕನ್ನಡಿಗರಿಗೆ ಡ್ರಾಫ್ಟ್ ಬಿಯರ್‌ನ ನಲ್ಲಿ ಹೊಸ ವಸ್ತುವೇನೂ ಅಲ್ಲ. ಕೌಂಟರಿನ ಮೇಲೆ ಹೊಳೆಯುವ ನಲ್ಲಿ, ಕೆಳಗೆ ತಣ್ಣಗೆ ಕುಳಿತ ಸ್ಟೀಲ್ ಪೀಪಾಯಿ, ಪಕ್ಕದಲ್ಲೊಂದು ಗ್ಯಾಸ್ ಸಿಲಿಂಡರ್. ಇದೇ ಏರ್ಪಾಡು ಅಮೆರಿಕದಲ್ಲಿ ಸಾಮಾನ್ಯರ ಮನೆಯ ಗ್ಯಾರೇಜು, ನೆಲಮಾಳಿಗೆಗಳಿಗೆ ಇಳಿದು ದಶಕಗಳೇ ಕಳೆದಿವೆ. ಪೀಪಾಯಿಗೆ ಅಲ್ಲಿ ಕೆಗ್ ಎನ್ನುತ್ತಾರೆ. ಅದಕ್ಕೆ ರೆಫ್ರಿಜರೇಟರಿನ ಬಾಲ ಅಂಟಿಸಿ ಈ ಯಂತ್ರಕ್ಕೆ ಕೆಗರೇಟರ್ ಎಂದು ಹೆಸರಿಟ್ಟಿದ್ದಾರೆ. ಹಳೆಯ ಫ್ರಿಜ್ ಒಂದನ್ನು ತಂದು, ತಾವೇ ತೂತು ಕೊರೆದು, ಕೊಳವೆ ಜೋಡಿಸಿ, ವರ್ಷ ವರ್ಷವೂ ಅದನ್ನು ಸುಧಾರಿಸುತ್ತಾ ಹೋಗುವುದು ಅಲ್ಲಿ ಅನೇಕರ ಹವ್ಯಾಸ. ಅಲ್ಲಿ ನೆಲೆಸಿದ ಮಕ್ಕಳು, ಮೊಮ್ಮಕ್ಕಳ ಬಾಯಲ್ಲಿ ಈ ಹೆಸರು ಕೇಳಿದವರು ಇಲ್ಲೂ ಇರಬಹುದು.

ಕಾಯ್ದೆ ತೆರೆದ ಬಾಗಿಲು

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಅದು ರದ್ದಾದಾಗ ಮನೆಬಳಕೆಗೆ ವೈನ್ ತಯಾರಿಸಿಕೊಳ್ಳಲು ಅವಕಾಶ ಸಿಕ್ಕಿತಾದರೂ ಬಿಯರ್‌ಗೆ ಸಿಗಲಿಲ್ಲ. ಆ ಬಾಗಿಲು ತೆರೆದದ್ದು 1978ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾಯ್ದೆ 1979ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅದರಂತೆ ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿನವರಿದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು. ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಇದನ್ನು ಒಪ್ಪಿದವು. ಕೊನೆಗೆ ಉಳಿದಿದ್ದ ಅಲಬಾಮ ಮತ್ತು ಮಿಸಿಸಿಪ್ಪಿ ರಾಜ್ಯಗಳು 2013ರಲ್ಲಿ ಸಮ್ಮತಿಸಿದವು.

ಮನೆಯಲ್ಲಿ ಒಂದು ಸಲ ತಯಾರಾಗುವ 19 ಲೀಟರ್ ಬಿಯರ್ ತುಂಬಲು 50ಕ್ಕೂ ಹೆಚ್ಚು ಸಣ್ಣ ಬಾಟಲಿಗಳು ಬೇಕು. ಅಷ್ಟನ್ನೂ ತೊಳೆದು, ತುಂಬಿ, ಮುಚ್ಚಳ ಒತ್ತುವ ಕೆಲಸಕ್ಕೆ ಬೇಸತ್ತವರ ಕಣ್ಣು ಬಿದ್ದದ್ದು ತಂಪು ಪಾನೀಯದ ಉದ್ಯಮ ಬಳಸುತ್ತಿದ್ದ ಕಾರ್ನೆಲಿಯಸ್ ಮಾದರಿಯ ಸ್ಟೀಲ್ ಪೀಪಾಯಿಗಳ ಮೇಲೆ. ಇವುಗಳಲ್ಲಿ 5 ಗ್ಯಾಲನ್, ಅಂದರೆ 18.9 ಲೀಟರ್ ಹಿಡಿಯುತ್ತದೆ. ತಂಪು ಪಾನೀಯದ ಕಂಪೆನಿಗಳು ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾದಾಗ ಹಳೆಯ ಪೀಪಾಯಿಗಳು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ಮನೆಯ ನಲ್ಲಿಗೆ ದಾರಿಯಾದದ್ದು ಹೀಗೆ.

ನೊರೆಯೇ ದೊಡ್ಡ ತಲೆನೋವು

ಯಂತ್ರದ ರಚನೆ ಸರಳ. ಸಿಲಿಂಡರಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ದ್ರವರೂಪದಲ್ಲಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಒತ್ತಡ ಚದರ ಇಂಚಿಗೆ 800 ಪೌಂಡಿಗೂ ಮಿಕ್ಕಿ ಇರುತ್ತದೆ. ರೆಗ್ಯುಲೇಟರ್ ಅದನ್ನು 10-12 ಪೌಂಡಿಗೆ ಇಳಿಸಿ ಪೀಪಾಯಿಗೆ ಕಳಿಸುತ್ತದೆ. ಅನಿಲ ಮೇಲಿನಿಂದ ಒತ್ತುತ್ತದೆ, ಬಿಯರ್ ತಳದಿಂದ ಕೊಳವೆಯಲ್ಲಿ ಏರಿ ನಲ್ಲಿಗೆ ಬರುತ್ತದೆ. ಅರ್ಧ ದಿನದಲ್ಲಿ ಜೋಡಿಸಿ ಮುಗಿಸಬಹುದಾದ ಕೆಲಸ.

ಆದರೆ ಹೀಗೆ ಜೋಡಿಸಿದ ಯಂತ್ರಗಳಲ್ಲಿ ಅನೇಕವು ಮೊದಲ ದಿನ ಕೊಡುವುದು ಲೋಟದ ತುಂಬ ನೊರೆಯನ್ನು. ಹೊಸಬರು ಆಗ ಮಾಡುವ ಮೊದಲ ಕೆಲಸ ರೆಗ್ಯುಲೇಟರ್ ತಿರುಗಿಸಿ ಒತ್ತಡ ಇಳಿಸುವುದು. ಇದರಿಂದ ಕಾಯಿಲೆ ಹೆಚ್ಚುತ್ತದೆಯೇ ಹೊರತು ಗುಣವಾಗುವುದಿಲ್ಲ. ಒತ್ತಡ ಕಡಿಮೆಯಾದಾಗ ಬಿಯರಿನಲ್ಲಿ ಕರಗಿದ್ದ ಅನಿಲ ಕೊಳವೆಯಲ್ಲೇ ಗುಳ್ಳೆಯಾಗಿ ಹೊರಬರುತ್ತದೆ. ನೊರೆ ಉಳಿಯುತ್ತದೆ, ಕೆಲವೇ ದಿನಗಳಲ್ಲಿ ಬಿಯರ್ ಚಪ್ಪೆಯೂ ಆಗುತ್ತದೆ.

ಇದರ ಹಿಂದಿನ ನಿಯಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದರು. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ. ದ್ರವ ತಂಪಾಗಿದ್ದಷ್ಟೂ ಕರಗಿದ ಅನಿಲ ಒಳಗೆ ನಿಲ್ಲುತ್ತದೆ. 3-4 ಡಿಗ್ರಿ ಸೆಲ್ಸಿಯಸ್‌ನಲ್ಲಿ 11-12 ಪೌಂಡ್ ಒತ್ತಡವಿಟ್ಟರೆ ಒಂದು ಲೀಟರ್ ಬಿಯರ್ ಸುಮಾರು ಎರಡೂವರೆ ಲೀಟರ್ ಅನಿಲವನ್ನು ಹಿಡಿದಿಡುತ್ತದೆ. ಹೆಚ್ಚಿನ ಬಗೆಯ ಬಿಯರ್‌ಗಳಿಗೆ ಬೇಕಾದದ್ದು ಇಷ್ಟೇ. ಈ ಒತ್ತಡ ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಮೆಲ್ಲಗೆ ಇಳಿಯಬೇಕು. ಅದನ್ನು ಇಳಿಸುವುದು ಕೊಳವೆ. ಒಳವ್ಯಾಸ ಸುಮಾರು 5 ಮಿಲಿಮೀಟರ್ ಇರುವ ಕೊಳವೆಯನ್ನು 8ರಿಂದ 10 ಅಡಿ ಉದ್ದಕ್ಕೆ ಬಿಟ್ಟು ಸುರುಳಿ ಸುತ್ತಿ ಒಳಗೇ ಇಟ್ಟರೆ ಸಾಕು. ಚೊಕ್ಕವಾಗಿ ಕಾಣಲೆಂದು ಅದನ್ನು 3 ಅಡಿಗೆ ಕತ್ತರಿಸಿದವರಿಗೆ ನೊರೆಯೇ ಗತಿ.

ಇನ್ನೊಂದು ಕಾರಣ ನಲ್ಲಿಯ ಕಂಬ. ಫ್ರಿಜ್ಜಿನ ಒಳಗೆ 4 ಡಿಗ್ರಿ ಇದ್ದರೂ ಹೊರಗೆ ಎದ್ದು ನಿಂತ ಕಂಬದಲ್ಲಿ ಕೋಣೆಯ ಸೆಕೆ ಇರುತ್ತದೆ. ಪ್ರತಿ ಸಲವೂ ಮೊದಲ ಲೋಟ ಮಾತ್ರ ನೊರೆಯಾಗಿ, ನಂತರದ್ದು ಸರಿಯಾಗಿ ಬಂದರೆ ದೋಷ ಅಲ್ಲಿದೆಯೆಂದು ತಿಳಿಯಬೇಕು. ಕಂಪ್ಯೂಟರಿನೊಳಗಿರುವಂತಹ ಸಣ್ಣ ಫ್ಯಾನ್ ಒಂದನ್ನು ಇಟ್ಟು ಒಳಗಿನ ತಂಪು ಗಾಳಿಯನ್ನು ಕಂಬಕ್ಕೆ ಊದಿಸಿದರೆ ಇದು ಪರಿಹಾರವಾಗುತ್ತದೆ. ನಲ್ಲಿಯನ್ನು ಪೂರ್ತಿ ತೆರೆಯಬೇಕು, ಅರೆಬರೆ ತೆರೆಯಬಾರದು ಎಂಬುದನ್ನು ಹೋಟೆಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಸುಧಾರಣೆಯ ಸರಿಯಾದ ಕ್ರಮ

ಈ ಹವ್ಯಾಸಕ್ಕೆ ಇಳಿದವರ ಮನಸ್ಸು ಮೊದಲು ಹರಿಯುವುದು ಹೊಳೆಯುವ ನಲ್ಲಿ, ಮರದ ಕೆತ್ತನೆ, ಎರಡು ಮೂರು ಪೀಪಾಯಿಗಳ ಕಡೆಗೆ. ಹಣ ಹೋಗಬೇಕಾದ ಕ್ರಮವೇ ಬೇರೆ. ಮೊದಲು ತಂಪು, ಬಳಿಕ ನಂಬಬಹುದಾದ ರೆಗ್ಯುಲೇಟರ್, ಆಮೇಲೆ ಕೊಳವೆ. ಅಂದ ಚಂದ ಕೊನೆಗೆ.

ತಂಪಿನ ವಿಷಯದಲ್ಲಿ ದೊಡ್ಡ ಸುಧಾರಣೆಯೆಂದರೆ ಫ್ರಿಜ್ ಬಿಟ್ಟು ಮೇಲ್ಗಡೆ ಮುಚ್ಚಳವಿರುವ ಪೆಟ್ಟಿಗೆ ಫ್ರೀಜರಿಗೆ ಹೋಗುವುದು. ತಂಪು ಗಾಳಿ ಭಾರವಾದ್ದರಿಂದ ಮುಚ್ಚಳ ತೆರೆದರೂ ಹೊರಗೆ ಸುರಿದು ಹೋಗುವುದಿಲ್ಲ. ಆದರೆ ಫ್ರೀಜರ್ ತನ್ನ ಪಾಡಿಗೆ ಬಿಟ್ಟರೆ ಮೈನಸ್ 18 ಡಿಗ್ರಿಗೆ ಇಳಿದು ಬಿಯರನ್ನು ಮಂಜುಗಡ್ಡೆ ಮಾಡುತ್ತದೆ. ಆದ್ದರಿಂದ ಹೊರಗಿನಿಂದ ಉಷ್ಣತಾ ನಿಯಂತ್ರಕವೊಂದನ್ನು ಜೋಡಿಸಿ, ಅದರ ಸಂವೇದಿ ತಂತಿಯನ್ನು ಪೀಪಾಯಿಯ ಮೈಗೆ ಅಂಟಿಸುತ್ತಾರೆ. ತಂತಿಯನ್ನು ಗಾಳಿಯಲ್ಲಿ ತೂಗಿಬಿಟ್ಟರೆ ಮುಚ್ಚಳ ತೆರೆದಾಗಲೆಲ್ಲ ಕಂಪ್ರೆಸರ್ ಹೊತ್ತಿ ಆರಿ ಬೇಗನೆ ಹಾಳಾಗುತ್ತದೆ.

ತೂತು ಕೊರೆಯುವಾಗ ಎಚ್ಚರ ಅಗತ್ಯ. ಅನೇಕ ಫ್ರೀಜರ್‌ಗಳ ಗೋಡೆಯೊಳಗೇ ತಂಪುಕಾರಕ ಅನಿಲದ ನಳಿಗೆ ಹಾದುಹೋಗಿರುತ್ತದೆ. ಡ್ರಿಲ್ಲಿನ ಮೊನೆ ಅದಕ್ಕೆ ತಾಗಿದರೆ ಫ್ರೀಜರ್ ಗುಜರಿಗೆ ಸೇರಿದಂತೆಯೇ. ಇದನ್ನು ತಪ್ಪಿಸಲು ಪೆಟ್ಟಿಗೆ ಮತ್ತು ಮುಚ್ಚಳದ ನಡುವೆ ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನು ಆ ಮರಕ್ಕೇ ಜೋಡಿಸುವುದು ಜಾಣತನದ ದಾರಿ.

ತೊಳೆಯದಿದ್ದರೆ ಎಲ್ಲವೂ ವ್ಯರ್ಥ

ಎಷ್ಟೇ ಖರ್ಚು ಮಾಡಿದ ಯಂತ್ರವಾದರೂ ಕೊಳವೆ ತೊಳೆಯದಿದ್ದರೆ ಬಿಯರಿಗೆ ಹುಳಿ, ಹಳಸಲು ವಾಸನೆ ಬರುತ್ತದೆ. ಒಳಗೆ ಲೋಳೆ ಕಟ್ಟಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಟಿಸಿರುವ ಕೈಪಿಡಿಯ ಸಲಹೆಯಂತೆ 14 ದಿನಗಳಿಗೊಮ್ಮೆ ಕ್ಷಾರದ ದ್ರಾವಣದಿಂದ, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ಕೊಳವೆಗಳನ್ನು ಶುಚಿಗೊಳಿಸಬೇಕು. ಆಮ್ಲ ಬೇಕಾಗುವುದು ಗಟ್ಟಿಯಾಗಿ ಅಂಟಿದ ಖನಿಜದ ಪದರ ಕರಗಿಸಲು. ಕೈಗವಸು, ಕನ್ನಡಕ ಧರಿಸಬೇಕು. ಬಳಿಕ ಧಾರಾಳ ನೀರು ಹಾಯಿಸಿ ದ್ರಾವಣದ ಅಂಶ ಉಳಿಯದಂತೆ ನೋಡಿಕೊಳ್ಳಬೇಕು. ಪೀಪಾಯಿಯ ಮುಚ್ಚಳವನ್ನು ಒಳಗಿನ ಒತ್ತಡ ಪೂರ್ತಿ ಬಿಡದೆ ತೆರೆಯಲೇಬಾರದು.

ಕಣ್ಣಿಗೆ ಕಾಣದ ಅಪಾಯ

ಎಲ್ಲಕ್ಕಿಂತ ಮುಖ್ಯವಾದ ಮಾತು ಅನಿಲದ್ದು. ಕಾರ್ಬನ್ ಡೈ ಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಮನೆಯಲ್ಲಿ ಬಳಸುವ 5 ಪೌಂಡಿನ ಸಿಲಿಂಡರಿನಲ್ಲಿ ಇರುವುದು ಸುಮಾರು 2.27 ಕಿಲೋ ಅನಿಲ. ಅದು ಪೂರ್ತಿ ಸೋರಿದರೆ ಸುಮಾರು 1.2 ಘನ ಮೀಟರ್ ಜಾಗ ತುಂಬುತ್ತದೆ. 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಇದು ಗಾಳಿಯ ಶೇಕಡಾ 4ರಿಂದ 5ರಷ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ಪ್ರಾಣಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ ಮಿತಿ ಶೇಕಡಾ 4. ಮುಂಬಯಿಯ ಎಷ್ಟೋ ಮಲಗುವ ಕೋಣೆಗಳು ಇದಕ್ಕಿಂತ ದೊಡ್ಡವಲ್ಲ ಎಂಬುದನ್ನು ಮರೆಯಬಾರದು.

ಹಾಗಾಗಿ ಸಿಲಿಂಡರ್ ಗಾಳಿಯಾಡುವ ಜಾಗದಲ್ಲಿರಬೇಕು. ನೇರವಾಗಿ ನಿಲ್ಲಿಸಿ ಗೋಡೆಗೆ ಬಿಗಿದಿರಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಎಲ್ಲ ಸಂದುಗಳಿಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಅನಿಲ ಪತ್ತೆಹಚ್ಚುವ ಅಲಾರಂ ಇದ್ದರೆ ಅದನ್ನು ನೆಲಕ್ಕೆ ಹತ್ತಿರವಾಗಿ ಇಡಬೇಕು. ಸಿಲಿಂಡರ್ ನಿರೀಕ್ಷೆಗಿಂತ ಬೇಗ ಖಾಲಿಯಾದರೆ ಸೋರಿಕೆಯನ್ನು ಶಂಕಿಸಬೇಕು.

ಇಲ್ಲಿನವರಿಗೆ ಪುನರ್ಪುಳಿ ಸೋಡ

ಅಮೆರಿಕದ ಕಾಯ್ದೆ ಮಹಾರಾಷ್ಟ್ರಕ್ಕೆ ಅನ್ವಯಿಸುವುದಿಲ್ಲ ಎಂಬುದು ಹೇಳಲೇಬೇಕಾದ ಮಾತು. 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಇಲ್ಲಿ ಪರವಾನಿಗೆಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ. ರಜೆಯಲ್ಲಿ ಬಂದ ಮಕ್ಕಳು ಉತ್ಸಾಹದಿಂದ ಹೇಳಿದರೆಂದು ಮನೆಯಲ್ಲಿ ಈ ಪ್ರಯೋಗಕ್ಕೆ ಕೈಹಾಕುವುದು ಸರಿಯಲ್ಲ.

ಆದರೆ ಇದೇ ಯಂತ್ರದಿಂದ ಸೋಡ ಮಾಡಬಹುದು. ನಿಜಕ್ಕೂ ಸೋಡ ಹುಟ್ಟಿದ್ದೇ ಬಿಯರಿನ ನೆರೆಯಲ್ಲಿ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಕ್ಕದ ಬಿಯರ್ ತಯಾರಿಕಾ ಘಟಕದ ಹುದುಗುವ ತೊಟ್ಟಿಯ ಮೇಲೆ ನೀರಿನ ಪಾತ್ರೆಯಿಟ್ಟು ಅನಿಲ ಕರಗಿಸಿದ್ದರು. 1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಪಡೆದ ಗೋಲಿ ಬಾಟಲಿ ಮುಂದೆ ಕರಾವಳಿಯ ಅಂಗಡಿ ಅಂಗಡಿಗೂ ಬಂತು. ಮನೆಯ ಪೀಪಾಯಿಯಲ್ಲಿ 4 ಡಿಗ್ರಿಗೆ ತಣಿಸಿದ ನೀರಿಗೆ 30 ಪೌಂಡ್ ಒತ್ತಡ ಕೊಟ್ಟು ಎರಡು ಮೂರು ದಿನ ಬಿಟ್ಟರೆ ಒಳ್ಳೆಯ ಸೋಡ ಸಿದ್ಧ. ಒತ್ತಡ ಹೆಚ್ಚಿರುವುದರಿಂದ ಕೊಳವೆ 20 ಅಡಿಗೂ ಉದ್ದ ಬೇಕು. ಸೋಡ ನೀರು ತಾಮ್ರ, ಹಿತ್ತಾಳೆಯನ್ನು ಕರಗಿಸುವ ಕಾರಣ ನೀರು ತಾಗುವ ಭಾಗಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಿರಬೇಕು. ಅನಿಲ ಆಹಾರ ದರ್ಜೆಯದ್ದಾಗಿರಬೇಕು. ಪುನರ್ಪುಳಿ, ಶುಂಠಿ, ಲಿಂಬೆಯ ಪಾನಕಗಳನ್ನು ಪೀಪಾಯಿಗೆ ಹಾಕದೆ ಲೋಟದಲ್ಲೇ ಬೆರೆಸಿದರೆ ಕೊಳವೆ ಶುಚಿಯಾಗಿ ಉಳಿಯುತ್ತದೆ.

ಸಂಘ ಸಂಸ್ಥೆಗಳ ಕ್ರೀಡಾಕೂಟ, ವಿಹಾರಕೂಟಗಳಲ್ಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿಯ ಬದಲು ಇಂತಹ ಒಂದು ನಲ್ಲಿಯನ್ನು ಬಯಲಿನಲ್ಲಿಟ್ಟರೆ ಹಿರಿಯರು, ಮಕ್ಕಳು ಎಲ್ಲರಿಗೂ ತಂಪು ಸಿಗುತ್ತದೆ. ಕೈಕೆಲಸದಲ್ಲಿ ಆಸಕ್ತಿಯುಳ್ಳ ಯುವ ವಿಭಾಗದ ಸದಸ್ಯರು ಇದನ್ನು ಕೈಗೆತ್ತಿಕೊಳ್ಳಬಹುದು. ಸಿಲಿಂಡರಿನ ಜವಾಬ್ದಾರಿಯನ್ನು ಮಾತ್ರ ಹೋಟೆಲಿನಲ್ಲಿ ಗ್ಯಾಸ್ ಕೆಲಸ ತಿಳಿದ ಅನುಭವಿಯೊಬ್ಬರಿಗೆ ವಹಿಸುವುದು ಒಳ್ಳೆಯದು.