ಉನ್ನತ ತಾಪಮಾನ ಪರೀಕ್ಷಾ ರಿಯಾಕ್ಟರ್ (ಜಪಾನ್)

ಉನ್ನತ ತಾಪಮಾನ ಪರೀಕ್ಷಾ ರಿಯಾಕ್ಟರ್ (ಎಚ್‌ಟಿಟಿಆರ್) ಜಪಾನಿನ ಇಬರಾಕಿ ಪ್ರಾಂತ್ಯದ ಓಅರಾಯ್ ಪಟ್ಟಣದಲ್ಲಿರುವ ಸಂಶೋಧನಾ ಪರಮಾಣು ರಿಯಾಕ್ಟರ್. ಜಪಾನ್ ಪರಮಾಣು ಶಕ್ತಿ ಸಂಸ್ಥೆ ಇದನ್ನು ನಡೆಸುತ್ತದೆ. ಇದರ ಉಷ್ಣ ಸಾಮರ್ಥ್ಯ 30 ಮೆಗಾವ್ಯಾಟ್. ವಿದ್ಯುತ್ತನ್ನೂ ಜಲಜನಕವನ್ನೂ ಒಟ್ಟಿಗೆ ಉತ್ಪಾದಿಸಬಲ್ಲ ಮುಂದಿನ ಪೀಳಿಗೆಯ ರಿಯಾಕ್ಟರುಗಳಿಗೆ ತಳಹದಿ ಹಾಕುವುದು ಇದರ ಉದ್ದೇಶ.

ರಚನೆ

ನೀರಿನಿಂದ ತಂಪುಗೊಳ್ಳುವ ಸಾಮಾನ್ಯ ರಿಯಾಕ್ಟರುಗಳಿಂದ ಹೊರಬರುವ ನೀರಿನ ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಅವು ಉತ್ಪಾದಿಸುವ ಶಾಖದ ಮೂರನೆಯ ಒಂದು ಭಾಗದಷ್ಟೇ ವಿದ್ಯುತ್ತಾಗುತ್ತದೆ. ಎಚ್‌ಟಿಟಿಆರ್‌ನಲ್ಲಿ ನೀರಿನ ಬದಲು ಹೀಲಿಯಂ ಅನಿಲ ಶಾಖವನ್ನು ಹೊತ್ತೊಯ್ಯುತ್ತದೆ. ನ್ಯೂಟ್ರಾನುಗಳ ವೇಗವನ್ನು ತಗ್ಗಿಸಲು ಗ್ರಾಫೈಟ್ ಇದೆ. ಇಂಧನವು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಕಣಗಳ ರೂಪದಲ್ಲಿದೆ. ಯುರೇನಿಯಂ ಆಕ್ಸೈಡಿನ ಪ್ರತಿ ಕಣಕ್ಕೂ ಇಂಗಾಲ ಮತ್ತು ಸಿಲಿಕಾನ್ ಕಾರ್ಬೈಡುಗಳ ನಾಲ್ಕು ಪದರಗಳ ಕವಚವಿದ್ದು, ಸುಮಾರು 1600 ಡಿಗ್ರಿಯವರೆಗೂ ಅದು ವಿಕಿರಣಶೀಲ ವಸ್ತುಗಳನ್ನು ಒಳಗೇ ಹಿಡಿದಿಡುತ್ತದೆ.

ಇತಿಹಾಸ

1998ರಲ್ಲಿ ಇಲ್ಲಿ ಮೊದಲ ಬಾರಿಗೆ ಸರಪಳಿ ಕ್ರಿಯೆ ಆರಂಭವಾಯಿತು. 2004ರಲ್ಲಿ ಹೊರಬರುವ ಹೀಲಿಯಂನ ಉಷ್ಣತೆ 950 ಡಿಗ್ರಿ ತಲುಪಿತು. 2010ರಲ್ಲಿ ಅದೇ ಉಷ್ಣತೆಯಲ್ಲಿ 50 ದಿನ ಎಡೆಬಿಡದೆ ನಡೆಯಿತು. 2011ರ ಭೂಕಂಪ ಮತ್ತು ಫುಕುಶಿಮಾ ದುರಂತದ ನಂತರ, ಹೊಸ ಸುರಕ್ಷತಾ ನಿಯಮಗಳ ಪರಿಶೀಲನೆ ಮುಗಿಯುವವರೆಗೆ ಅದು ನಿಂತೇ ಇತ್ತು. 2021ರಲ್ಲಿ ಪುನಃ ಚಾಲನೆಗೊಂಡಿತು.

ಫುಕುಶಿಮಾದಲ್ಲಿ ಇಂಧನ ಕರಗಿದ್ದು ತಂಪುಗೊಳಿಸುವ ವ್ಯವಸ್ಥೆ ನಿಂತದ್ದರಿಂದ. ಆದ್ದರಿಂದ 2024ರ ಮಾರ್ಚಿನ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿದ್ದ ರಿಯಾಕ್ಟರಿನ ಹೀಲಿಯಂ ಪ್ರವಾಹವನ್ನು ಬೇಕೆಂದೇ ನಿಲ್ಲಿಸಲಾಯಿತು. ನಿಯಂತ್ರಣ ಸರಳುಗಳನ್ನು ಒಳಗಿಳಿಸಲಿಲ್ಲ. ಉಷ್ಣತೆ ಏರಿದಂತೆ ವಿದಳನ ಕ್ರಿಯೆ ತಾನಾಗಿಯೇ ಕುಗ್ಗಿ ರಿಯಾಕ್ಟರ್ ಸ್ಥಿರಗೊಂಡಿತು. ಆದರೆ ಇದು ಚಿಕ್ಕ ರಿಯಾಕ್ಟರ್ ಎಂಬುದನ್ನು ಮರೆಯಬಾರದು. ಗಾತ್ರ ಹೆಚ್ಚಿದಂತೆ ಉಳಿಕೆ ಶಾಖವನ್ನು ಹೊರಹಾಕುವುದು ಕಠಿಣವಾಗುತ್ತದೆ.

ಜಲಜನಕ ಉತ್ಪಾದನೆ

ನೀರನ್ನು ಕೇವಲ ಶಾಖದಿಂದ ಒಡೆಯಲು ಸಾವಿರಾರು ಡಿಗ್ರಿ ಬೇಕು. ಅಯೋಡಿನ್-ಗಂಧಕ ವಿಧಾನವು ಈ ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಿ, ಸುಮಾರು 900 ಡಿಗ್ರಿಯೊಳಗೆ ಮುಗಿಸುತ್ತದೆ. ಮೊದಲು ನೀರು, ಅಯೋಡಿನ್ ಮತ್ತು ಗಂಧಕದ ಡೈಆಕ್ಸೈಡ್ ಸೇರಿ ಗಂಧಕಾಮ್ಲ ಹಾಗೂ ಹೈಡ್ರೋಜನ್ ಅಯೋಡೈಡ್ ಉಂಟಾಗುತ್ತವೆ. ಎರಡನೆಯದನ್ನು ಕಾಯಿಸಿದರೆ ಜಲಜನಕ, ಮೊದಲನೆಯದನ್ನು ಇನ್ನೂ ಹೆಚ್ಚು ಕಾಯಿಸಿದರೆ ಆಮ್ಲಜನಕ ಬಿಡುಗಡೆಯಾಗುತ್ತದೆ. ಅಯೋಡಿನ್, ಗಂಧಕಗಳು ಖರ್ಚಾಗದೆ ಮರಳಿ ಬಳಕೆಗೆ ಬರುತ್ತವೆ. ವ್ಯಯವಾಗುವುದು ನೀರು ಮಾತ್ರ. (ಜಲಜನಕ ಎಂದರೆ ಜಲವನ್ನು ಹುಟ್ಟಿಸುವುದು, ಇಲ್ಲಿ ಜಲವೇ ಅದನ್ನು ಹುಟ್ಟಿಸುತ್ತದೆ.) ಕುದಿಯುವ ಆಮ್ಲಗಳು ಲೋಹವನ್ನು ಕೊರೆದು ತಿನ್ನುವುದೇ ದೊಡ್ಡ ತೊಡಕು. 2019ರಲ್ಲಿ ಸಂಸ್ಥೆಯ ಪ್ರಾಯೋಗಿಕ ಘಟಕ ಸುಮಾರು 150 ಗಂಟೆ ನಿರಂತರವಾಗಿ ಜಲಜನಕ ಉತ್ಪಾದಿಸಿತಾದರೂ, ಅದಕ್ಕೆ ಶಾಖ ಒದಗಿಸಿದ್ದು ಈ ರಿಯಾಕ್ಟರ್ ಅಲ್ಲ.

ರಿಯಾಕ್ಟರಿಗೆ ಮೊದಲು ಜೋಡಿಸಲು ಯೋಜಿಸಿರುವುದು ಮೀಥೇನ್ ಮತ್ತು ಹಬೆಯಿಂದ ಜಲಜನಕ ತೆಗೆಯುವ, ಕೈಗಾರಿಕೆಗಳಲ್ಲಿ ಈಗಾಗಲೇ ರೂಢಿಯಲ್ಲಿರುವ ಘಟಕವನ್ನು. ಈ ವಿಧಾನದಲ್ಲಿ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ವಿದ್ಯುತ್ ಮತ್ತು ಜಲಜನಕ ಎರಡನ್ನೂ ಕೊಡುವ, 600 ಮೆಗಾವ್ಯಾಟ್ ಉಷ್ಣ ಸಾಮರ್ಥ್ಯದ ಜಿಟಿಎಚ್‌ಟಿಆರ್300ಸಿ ಎಂಬ ವಾಣಿಜ್ಯ ರಿಯಾಕ್ಟರ್ ಇನ್ನೂ ವಿನ್ಯಾಸದ ಹಂತದಲ್ಲಿದೆ.